ಸೊಗಡು ಅಂದದ್ದು

ಅಥವಾ ನನ್ನ ಹೆಂಡತಿ ‘ಸೊಗಡು’ ಅನ್ನುವ ಮಾತನ್ನೇ ಆಡಲಿಲ್ಲವೇನೋ. ಮುಖ ಕಿವುಚಿದ್ದನ್ನು ನೋಡಿ ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಅಮ್ಮನಿಗೆ ಮಾತ್ರ ಅನುಮಾನವೇ ಇಲ್ಲ. ಮದುವೆಯಾಗಿ ಸಿ.ಎಸ್. ಪುರದ ನಮ್ಮ ಮನೆಗೆ ಬಂದ ಮೊದಲ ಚಳಿಗಾಲ, ಅವರೆಕಾಳು ಸಾರಿನ ಮುಂದೆ ಕೂತ ಅವಳು, “ಎಷ್ಟು ಸೊಗಡು ಅತ್ತೆ!” ಅಂದಳಂತೆ.

ಅಮ್ಮನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಬ್ಬನಿ ಕುಡಿದ ಅವರೆಕಾಯಿಯ ಕೈಗಂಟುವ ವಾಸನೆಗೆ ನಮ್ಮಲ್ಲಿ ಸೊಗಡು ಅನ್ನುತ್ತಾರೆ. ಅದಿಲ್ಲದ ಕಾಯಿ ದನಕ್ಕೆ. ಕುಣಿಗಲ್‌ನ ನನ್ನ ಹೆಂಡತಿಯ ತವರಲ್ಲಿ ಸರಿಯಾಗಿ ತೊಳೆಯದ ಹಾಲಿನ ಪಾತ್ರೆಯ ಕೆಟ್ಟ ವಾಸನೆಗೆ ಅದೇ ಮಾತು. ಆ ಊಟದಿಂದ ಶುರು: ಪ್ರತಿ ಚಳಿಗಾಲ ಅಮ್ಮ ಒಂದು ಚೀಲ ಕಾಯಿ ಹೊತ್ತು, ಗುಬ್ಬಿಯಲ್ಲಿ ಬಸ್ಸು ಬದಲಿಸಿ, ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬರುತ್ತಿದ್ದಳು. ಮಗನ ಮನೆಗಾದರೂ ಬರಿಗೈಲಿ ಬರುವವಳಲ್ಲ. ಸೊಸೆ ಉಸಿರು ಬಿಗಿಹಿಡಿದು ಉಣ್ಣುತ್ತಿದ್ದಳು.

ಹೋದ ವರ್ಷ ಬಾಯಿಬಿಟ್ಟಳು.

“ಅತ್ತೆ, ನಂಗೆ ಈ ವಾಸ್ನೆ ಆಗಲ್ಲ.”

“ಸೊಗಡು ಅಂದಿದ್ಯಲ್ಲೇ?”

“ಅಂದಿದ್ನೋ ಇಲ್ವೋ ನೆನಪಿಲ್ಲ. ಅಂದಿದ್ರೂ ಹೊಗಳೋಕಲ್ಲ ಅತ್ತೆ.”

ಅಮ್ಮ ನಕ್ಕಳು. “ಅಯ್ಯೋ ನಿನ್ ಮೂಗಿಗಿಷ್ಟು! ಮೊದ್ಲೇ ಒದರಬಾರ್ದಿತ್ತಾ?” ನಗು ಬೇಗ ನಿಂತಿತು. “ಹಂಗಾರೆ ಇನ್ಮೇಲೆ ಏನ್ ನೆಪ ಮಾಡ್ಕಂಡು ಬರ್ಲಿ?”

ನಾನು ಕಾರಣ ಹುಡುಕಲು ಕೂತೆ. ಚಿಕ್ಕಂದಿನಲ್ಲಿ ಹೆಂಡತಿಗೆ ಜ್ವರ ಬಂದಾಗ ಒಲೆಯ ಮೇಲೆ ಅವರೆ ಬೇಯುತ್ತಿದ್ದಿರಬೇಕು, ಅದಕ್ಕೇ ಈ ಹೇಸಿಗೆ. ಅಮ್ಮನಿಗೆ ಅದು ಬೆಳಗಿನ ಹೊಲ, ಅದಕ್ಕೇ ಆ ಪ್ರೀತಿ. ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನನಗೇ ನಂಬಿಕೆ ಹೋಯಿತು. ಆದರೂ ಹೆಂಡತಿಗೆ ಹೇಳಿದೆ.

“ಜ್ವರ ನೀವು ಬರಿಸಿದ್ದು. ಇಷ್ಟ ಇಲ್ಲ ಅಂದ್ರೆ ಇಲ್ಲ. ನೀವ್ಯಾಕೆ ಬೆಂಡೆಕಾಯಿ ಮುಟ್ಟಲ್ಲ, ಹೇಳಿ ನೋಡೋಣ?”

ನಾನು ಬೆಂಡೆಕಾಯಿಗೂ ಒಂದು ಜ್ವರ ಹುಡುಕತೊಡಗಿದೆ.

ಈ ಚಳಿಗಾಲ ಅಮ್ಮ ಬರಲಿಲ್ಲ. ಫೋನ್ ಮಾಡಿದರೆ ಸೊಂಟ ನೋವು ಅಂದಳು. ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ಸೊಂಟಕ್ಕೇನೂ ಆಗಿಲ್ಲ, ಬನ್ನಿ ಅತ್ತೆ. ಕಾಯಿ ತನ್ನಿ. ನೀವೂ ನಿಮ್ಮ ಮಗನೂ ಸಾರು ಉಣ್ಣಿ, ನಾನು ಮೊಸರನ್ನ ತಿಂತೀನಿ.”

ಅಮ್ಮ ಬಂದಳು. ಅತ್ತೆ ಸೊಸೆ ಬಾಗಿಲು ತೆಗೆದಿಟ್ಟು, ನೆಲದ ಮೇಲೆ ಕೂತು ಕಾಯಿ ಸುಲಿದರು. ಮುಗಿದ ಮೇಲೆ ಹೆಂಡತಿ ಕೈ ತೊಳೆಯಲು ಎದ್ದವಳು ನಲ್ಲಿ ತಿರುಗಿಸುವ ಮುಂಚೆ ತನ್ನ ಬೆರಳನ್ನು ಒಮ್ಮೆ ಮೂಸಿ ನೋಡಿಕೊಂಡಳು. ಯಾಕೆ ಮೂಸಿದಳೋ, ನನಗೆ ಗೊತ್ತಿಲ್ಲ.