ಮೀನಿನ ಡ್ರಮ್ಮಿನ ನೀರು

ಆ ಬುಧವಾರ ನಮ್ಮ ಮನೆಯವರೂ ಬದುಕಿದ್ದರು, ಹನ್ನೊಂದು ಮೀನುಗಳೂ ಬದುಕಿದ್ದವು, ನಾನು ಎರಡೂ ಪಕ್ಷದವರ ಮೇಲೆ ಸಿಟ್ಟಾಗಿದ್ದೆ. ನಾಲ್ಕು ದಿನದ ಮೇಲೆ ನಲ್ಲಿ ಬಂದಿತ್ತು. ಬಂದ ನೀರಿನಲ್ಲಿ ಮೊದಲ ಕೊಡ ದೇವರಿಗೆ, ಆಮೇಲೆ ಕುಡಿಯಲು, ಆಮೇಲೆ ಅಡುಗೆಗೆ ಎಂಬುದು ನಾನು ತವರಿನಿಂದ ಕಲಿತು ಬಂದ ಕ್ರಮ. ನಮ್ಮ ಮನೆಯಲ್ಲಿ ಮೊದಲ ನೀರು ಹಿತ್ತಲಿನ ನೀಲಿ ಡ್ರಮ್ಮಿಗೆ, ಅಂದರೆ ಮೀನಿಗೆ. ದೇವರು ಎರಡನೇ ಪಾಳಿಯಲ್ಲಿ ನಿಲ್ಲುತ್ತಿದ್ದ.

"ರೀ, ಕುಡಿಯಾಕ ಒಂದ್ ಕೊಡ ಬಿಡ್ರಿ ಮೊದಲ. ನಾವೂ ಈ ಮನ್ಯಾಗ ಅದೀವಿ," ಅಂದೆ.

"ನಿನಗ ಬಾಯಿ ಅದ, ಕೇಳ್ತಿ. ಅವು ಯಾರ್ನ ಕೇಳಬೇಕು?" ಎಂದು ಪೈಪನ್ನು ಡ್ರಮ್ಮಿನಲ್ಲೇ ಬಿಟ್ಟರು. ತುಂಬಿದ ಮೇಲೆ ಸೀಮೆಸುಣ್ಣದಿಂದ ಅದರ ಮೇಲೆ 'ಮೀನಿಂದು, ಮುಟ್ಟಬ್ಯಾಡ್ರಿ' ಎಂದು ಬರೆದರು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಎಚ್ಚರಿಕೆ ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ.

"ನಾಡಿದ್ದು ನೀರು ಬದಲಿ ಮಾಡೂಣು," ಅಂದರು.

ಮರುದಿನ ಡ್ಯೂಟಿಗೆ ಹೋದವರು ಮಾನ್ವಿಯ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ನಾಡಿದ್ದು ಹೇಳಿದ ಹಾಗೆ ಬಂತು. ಅಂದು ಅವರನ್ನು ಮಣ್ಣು ಮಾಡಿದೆವು. ಡ್ರಮ್ಮಿನಲ್ಲಿ ನೀರು ತಯಾರಾಗಿತ್ತು.

ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್. ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ರಾಯಚೂರಿಗೆ ದಿನವಿಡೀ "ಹಿಂದ ಸರೀರಿ, ಹಿಂದ ಸರೀರಿ" ಅನ್ನುತ್ತಿದ್ದವರಿಗೆ ರಜೆಯ ದಿನ ಸರಿಸಲು ಯಾರೂ ಸಿಗದೆ ಅಕ್ವೇರಿಯಂ ತಂದಿಟ್ಟರು ಎಂಬುದು ನನ್ನ ಊಹೆ. ಐವತ್ತು ಸೀಟಿನ ಬಸ್ಸಿಗೆ ನೂರು ಜನರನ್ನು ನಗುನಗುತ್ತಾ ಹತ್ತಿಸುವ ಮನುಷ್ಯ, ಗಾಜಿನ ತೊಟ್ಟಿಗೆ ಹನ್ನೆರಡನೇ ಮೀನನ್ನು ಹತ್ತಿಸಲಿಲ್ಲ. "ಸೀಟಿಲ್ಲ" ಅಂದುಬಿಡುತ್ತಿದ್ದರು. ಇದ್ದವುಗಳಲ್ಲಿ ಮೋಲಿ ಜಾತಿಯ ಒಂದು ಕರಿಯ ಮೀನಿಗೆ 'ಡಿಪೋ ಮ್ಯಾನೇಜರ್' ಎಂದು ಹೆಸರಿಟ್ಟಿದ್ದರು. ಅದು ಯಾವ ಕೆಲಸವನ್ನೂ ಮಾಡದೆ ಮಿಕ್ಕವರನ್ನು ಅತ್ತಿಂದಿತ್ತ ಓಡಿಸುತ್ತಿತ್ತು.

ನಮ್ಮದು ನೀರಿನ ಸೀಮೆ ಎಂದು ಹೊರಗಿನವರು ತಿಳಿದಿದ್ದಾರೆ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ. ನಡುವಿನ ಈ ನೆಲಕ್ಕಾಗಿ ರಾಜರು ತಲೆತಲಾಂತರ ಹೊಡೆದಾಡಿದರೆಂದು ಶಾಲೆಯಲ್ಲಿ ಓದಿದ್ದೆ. ನಾವು ಹೆಂಗಸರು ಕೊಡ ಹಿಡಿದು ಆ ಪರಂಪರೆಯನ್ನು ಈಗಲೂ ಉಳಿಸಿಕೊಂಡಿದ್ದೇವೆ. ಹೀಗೆ ಗೆದ್ದು ತಂದ ನೀರನ್ನು ನೇರವಾಗಿ ಮೀನಿಗೆ ಹಾಕುವ ಹಾಗಿಲ್ಲ ಎಂದು ಅವರು ಹೇಳಿದಾಗ ನನಗೆ ಬಂದ ನಗು ಅಷ್ಟಿಷ್ಟಲ್ಲ. ಮನುಷ್ಯರು ಕುಡಿಯುವ ನೀರು ಮೀನಿಗೆ ಆಗುವುದಿಲ್ಲವಂತೆ!

"ನಾವು ನೀರು ಕುಡೀತೀವಿ. ಅವು ನೀರು ಉಸಿರಾಡ್ತಾವ," ಅಂದಿದ್ದರು. "ಜಡ್ಡು ಬರಬಾರದಂತ ನಲ್ಲಿ ನೀರಿಗಿ ಕ್ಲೋರಿನ್ ಹಾಕಿರ್ತಾರ. ನಮಗ ಅದು ಬೇಕು. ಅವುಗಳ ಕಿವಿರು ಸುಟ್ಟು ಹೋಗ್ತದ."

ಅದಕ್ಕಾಗಿಯೇ ಆ ಡ್ರಮ್ಮು. ಬಾಯಿ ತೆರೆದ ಡ್ರಮ್ಮಿನಲ್ಲಿ ನೀರು ಒಂದೂವರೆ ದಿನ ನಿಲ್ಲಬೇಕು. ಸಣ್ಣ ಮೋಟಾರಿನಿಂದ ಗಾಳಿ ಬಿಟ್ಟು ಅದನ್ನು ಗುಳುಗುಳು ಅನ್ನಿಸಬೇಕು. ತೊಟ್ಟಿಯ ನೀರಿನಲ್ಲಿ ಕಾಲು ಭಾಗ ಮಾತ್ರ ತೆಗೆಯಬೇಕು. ಎಲ್ಲ ನೀರನ್ನೂ ಒಮ್ಮೆಗೇ ಬದಲಿಸುವುದೆಂದರೆ ನಡುದಾರಿಯಲ್ಲಿ ಎಲ್ಲರನ್ನೂ ಇಳಿಸಿ ಬೇರೆ ಬಸ್ಸಿಗೆ ನೂಕಿದ ಹಾಗೆ, ಮುದುಕರು ಹುಡುಗರು ತಾಳುವುದಿಲ್ಲ ಎನ್ನುತ್ತಿದ್ದರು. ಕೊನೆಗೆ ಡ್ರಮ್ಮಿನ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸುವರು, ಮೊಣಕೈ ಅದ್ದಿ ಬಿಸಿ ನೋಡುವರು. ಎಲ್ಲ ಸರಿಯಿದ್ದರೆ ಡ್ರಮ್ಮಿಗೆ ಎರಡು ಸಲ ಬಡಿದು "ರೈಟ್!" ಅನ್ನುವರು. ಆಗ ನಾನು ಮಗ್ಗಿನಿಂದ ನಿಧಾನಕ್ಕೆ ನೀರು ಹಾಕಬೇಕು. ಹನ್ನೊಂದು ವರ್ಷ ನಾನು ಆ ಬಸ್ಸಿನ ಡ್ರೈವರ್. ರೈಟ್ ಅನ್ನದೆ ಒಂದು ಮಗ್ಗೂ ಕದಲಿಸಿದವಳಲ್ಲ.

ಮಣ್ಣಾದ ಮೂರನೇ ದಿನ, ಭಾನುವಾರ, ಮತ್ತೆ ನಲ್ಲಿ ಬಂತು. ಸಾವಾದ ಮನೆಯಲ್ಲಿ ತುಂಬಿಟ್ಟ ಹಳೆಯ ನೀರು ಉಳಿಯಬಾರದು ಎಂಬುದು ನಮ್ಮಲ್ಲಿ ಪದ್ಧತಿ. ಎಲ್ಲ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ತುಂಬಬೇಕು. ಈ ಕೆಲಸಕ್ಕೆ ದೇವದುರ್ಗದ ಅತ್ತೆ ಸೆರಗು ಕಟ್ಟಿ ನಿಂತರು. ಅವರು ನಮ್ಮ ಮನೆಯವರ ತಂದೆಯ ತಂಗಿ. ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದವರು. ಕಣ್ಣೀರು ಒರೆಸಿಕೊಳ್ಳುತ್ತಲೇ ಕೊಡ, ಹಂಡೆ, ಬಕೆಟ್ಟು ಎಲ್ಲ ಖಾಲಿ ಮಾಡಿದರು. ನೀಲಿ ಡ್ರಮ್ಮನ್ನೂ ಹಿತ್ತಲಿನ ಮೋರಿಗೆ ಉರುಳಿಸಿದರು. ಮುಟ್ಟಬ್ಯಾಡ್ರಿ ಎಂದು ಬರೆದದ್ದು ಸ್ಪಷ್ಟವಾಗಿಯೇ ಇತ್ತು. ಅತ್ತೆಗೆ ಓದಲು ಬಾರದು. ಓದಬಲ್ಲವರೆಲ್ಲ ಅಂಗಳದ ಪೆಂಡಾಲಿನ ಕೆಳಗೆ ಚಹಾ ಕುಡಿಯುತ್ತಾ ಬದುಕು ಎಷ್ಟು ಅನಿಶ್ಚಿತ ಎಂದು ಚರ್ಚಿಸುತ್ತಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ಮೀನು ಉಳಿಯುತ್ತಿದ್ದವು. ಅತ್ತೆ ಪಡಸಾಲೆಗೆ ಬಂದು ಗಾಜಿನ ತೊಟ್ಟಿಯ ಮುಂದೆ ನಿಂತರು.

"ಪಾಪ, ಇವಕ್ಕೂ ಮೈಲಿಗಿ ಆಗಿರ್ತದ. ಇವೂ ಮನಿ ಮಂದೀನ ಅಲ್ಲೇನು?"

ಮನೆಯ ಮಂದಿಗೆ ಆಗಬೇಕಾದ ಗೌರವವೆಲ್ಲ ಮೀನಿಗೂ ಆಯಿತು. ಅವುಗಳನ್ನು ನೀರಿನ ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನು ಕೊನೆಯ ಹನಿಯವರೆಗೆ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಕೊಡದಿಂದ ನಲ್ಲಿಯ ಹೊಸ ನೀರು ತುಂಬಿದರು. ಬ್ಲೀಚಿಂಗ್ ಪೌಡರಿನ ವಾಸನೆ ನಾನು ಕುಳಿತ ಮೂಲೆಯವರೆಗೆ ಬರುತ್ತಿತ್ತು. ತಾಮ್ರವೂ ಮೀನಿಗೆ ಆಗದೆಂದು ಆಮೇಲೆ ತಿಳಿಯಿತು. ಮೀನಿಗೆ ಏನೇನು ಆಗದೋ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ, ಅದೂ ಇಷ್ಟು ಪ್ರೀತಿಯಿಂದ, ಇನ್ನಾರೂ ಒದಗಿಸಿರಲಾರರು.

ನಾನು ನೋಡುತ್ತಾ ಕುಳಿತಿದ್ದೆ. ಹನ್ನೊಂದು ವರ್ಷ ಪಾಠ ಕೇಳಿದವಳು ನಾನೊಬ್ಬಳೇ. "ಬ್ಯಾಡ ಅತ್ತಿ" ಅಂದಿದ್ದರೆ ಸಾಕಿತ್ತು. ಕುಡಿಯುವ ನೀರಿಗಾಗಿ ಬುಧವಾರ ಅಷ್ಟು ಚೆನ್ನಾಗಿ ಜಗಳ ಆಡಿದ್ದ ಬಾಯಿ ಭಾನುವಾರ ತೆರೆಯಲಿಲ್ಲ.

ಸಂಜೆಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮರುದಿನ ಬೆಳಿಗ್ಗೆ ಎರಡೇ ಉಳಿದಿದ್ದವು. ಡಿಪೋ ಮ್ಯಾನೇಜರ್ ಉಳಿದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಮಾತಾಡಿಸಲು ಬಂದವರು, ಮನೆಯ ಕಂಟಕವನ್ನು ಮೀನುಗಳು ತಮ್ಮ ಮೇಲೆ ತಗೊಂಡವು ಎಂದು ಸಮಾಧಾನ ಹೇಳಿದರು. ಕಂಟಕ ಗುರುವಾರವೇ ಬಂದು ಹೋಗಿತ್ತು. ನಮ್ಮ ಮೀನುಗಳು ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದವು ಅಂತಾಯಿತು.

ಉಳಿದ ಎರಡನ್ನು ಉಳಿಸಿಕೊಳ್ಳಲೇಬೇಕು ಎಂದು ನನಗೆ ಹಟ ಹಿಡಿಯಿತು. ಅವರು ತಮ್ಮ ಕೈಯಿಂದ ಸಾಕಿದ ಜೀವಗಳಲ್ಲಿ ಅವೆರಡು ಮತ್ತು ನಾನು ಮಾತ್ರ ಬಾಕಿ ಇದ್ದೆವು. ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಮಾನ್ವಿಯ ನನ್ನ ತಮ್ಮ, ಫಿಲ್ಟರ್ ನೀರಿನ ಕ್ಯಾನು ತಂದು ಹಾಕು, ಅಷ್ಟು ಶುದ್ಧ ನೀರು ಮತ್ತೊಂದಿಲ್ಲ ಅಂದ. ಪಕ್ಕದ ಮನೆಯವರು ತುಳಸಿ ಎಲೆ ಹಾಕಿ ಅಂದರು. ನಾನು ಇಬ್ಬರಿಗೂ ತಲೆಯಾಡಿಸಿ, ನಮ್ಮ ಮನೆಯವರು ಮೀನು ತರುತ್ತಿದ್ದ ಖಾಜಾಭಾಯಿಯ ಅಂಗಡಿಗೆ ಹೋದೆ.

"ಕ್ಯಾನಿನ ನೀರು ಬ್ಯಾಡ್ರಿ ಭಾಭಿ. ಅದ್ರಾಗ ಇರಬೇಕಾದ ಸತ್ವಾನೂ ಹೋಗಿರ್ತದ," ಅಂದ ಖಾಜಾಭಾಯಿ. "ಭಾಯ್‌ಸಾಬ್ ನೀರು ಇಟ್ಟು ಹಾಕ್ತಿದ್ರು, ಬರೋಬರ್ ಅದ. ಆದ್ರ ನಲ್ಲಿ ನೀರಿಗಿ ಹಾಕೋ ಮದ್ದು ಎಲ್ಲಾ ಊರಾಗೂ ಒಂದೇ ಇರಂಗಿಲ್ಲ, ಕೆಲವು ಗಾಳಿಗಿ ಹಾರಿ ಹೋಗಂಗಿಲ್ಲ. ಅದನ್ನ ಮುರಿಯೋ ಈ ಔಷಧಿ ಇಟ್ಕೊಳ್ರಿ. ಮೊದಲ ನೀರಿಗಿ ಹಾಕ್ರಿ, ಆಮ್ಯಾಲ ಆ ನೀರು ಮೀನಿಗಿ ಹಾಕ್ರಿ. ಹಿಂದ ಮುಂದ ಮಾಡಬ್ಯಾಡ್ರಿ. ಕಲ್ಲು, ಸ್ಪಂಜು ತೊಳೀಬೇಕಂದ್ರ ತೊಟ್ಟ್ಯಾಗಿಂದ ತೆಗದ ಹಳೀ ನೀರಾಗ ತೊಳೀರಿ. ನಲ್ಲಿ ನೀರು ಅಲ್ಲ, ಸೋಪು ಅಂತೂ ಅಲ್ಲೇ ಅಲ್ಲ."

ನಾನು ಮನೆಯಲ್ಲಿ ಬ್ಲೌಸು ಹೊಲಿಯುವವಳು. ಇಂಚಿನ ಅಳತೆ ಗೊತ್ತು, ಲೀಟರಿನದು ಹೊಸದಾಗಿ ಕಲಿತೆ. ಇಷ್ಟು ನೀರಿಗೆ ಇಷ್ಟೇ ಹನಿ ಎಂದು ಬಾಟಲಿಯ ಮೇಲೆ ಬರೆದಿತ್ತು. ನಾನು ಓದಬಲ್ಲವರ ಪೈಕಿ, ಈ ಸಲವಾದರೂ ಓದಿದೆ. ಬೇಸಿಗೆಯಲ್ಲಿ ಒಮ್ಮೆ ಮಾತ್ರ, ಡ್ರಮ್ಮನ್ನು ಬಿಸಿಲಿನಲ್ಲಿ ಮರೆತು, ಆ ನೀರನ್ನು ಇನ್ನೇನು ಹಾಕಬೇಕು ಅನ್ನುವಾಗ ಕೈ ಚುರುಕ್ ಅಂದಿತು. ರಾಯಚೂರಿನ ಬಿಸಿಲಿನಲ್ಲಿ ಒಂದು ತಾಸು ಇಟ್ಟರೆ ಸಾಕು, ಆ ನೀರಿಗೆ ಚಹಾಪುಡಿ ಹಾಕಬಹುದು. ಅಂದಿನಿಂದ ಡ್ರಮ್ಮು ಅಡುಗೆಮನೆಯ ನೆರಳಿಗೆ ಬಂತು. ದೇವರ ಜಗುಲಿಯ ಪಕ್ಕದಲ್ಲೇ. ಮೊದಲ ಪಾಳಿ ಯಾರದೆಂದು ಈಗ ದೇವರೇ ಕಣ್ಣಾರೆ ನೋಡುತ್ತಾನೆ.

ಆರು ತಿಂಗಳ ಮೇಲೆ ದೇವದುರ್ಗದ ಅತ್ತೆ ಮತ್ತೆ ಬಂದರು. ನೀರು ಬದಲಿಸುವ ದಿನವಾಗಿತ್ತು. ನಾನು ಹನಿ ಎಣಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದರು.

"ಮೀನಿಗಿ ಇಷ್ಟೊಂದು ಉಪಚಾರ ಏನವ್ವಾ?"

ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಟ್ಟೆ. ಕ್ಲೋರಿನ್, ಕಿವಿರು, ತಾಮ್ರ, ಎಲ್ಲ. ಅತ್ತೆ ಡ್ರಮ್ಮಿನ ಕಡೆ ತಿರುಗಿದರು.

"ಅಂದ್ರ, ಅವತ್ತು ನಾ ಚೆಲ್ಲಿದ ಡ್ರಮ್ಮಿನ ನೀರು..."

"ಅವರು ತುಂಬಿಟ್ಟಿದ್ರು ಅತ್ತಿ. ಬುಧವಾರ."

"ಯವ್ವಾ! ನನ್ನ ಕೂಸು ತುಂಬಿಟ್ಟ ನೀರು ಮೋರಿಗಿ ಹಾಕಿದ್ನೆ?" ಎಂದು ಅಲ್ಲೇ ನೆಲದ ಮೇಲೆ ಕುಳಿತರು. "ನನಗ್ಯಾಕ ಯಾರೂ ಹೇಳಲಿಲ್ಲ ಬೇ?"

"ಯಾರಿಗೂ ಗೊತ್ತಿರಲಿಲ್ಲ ಅತ್ತಿ. ನನಗ ಗೊತ್ತಿತ್ತು. ನಾ ಸುಮ್ನ ಕುಂತಿದ್ದೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಎದ್ದು, ಸೆರಗು ಸಿಕ್ಕಿಸಿ, ತಾವೇ ಮಗ್ಗು ತೆಗೆದುಕೊಂಡು ಡ್ರಮ್ಮಿನಲ್ಲಿ ಅದ್ದಿದರು.

"ತಾಮ್ರದ್ದಲ್ಲ ನೋಡು, ಪ್ಲಾಸ್ಟಿಕ್," ಅಂದರು. ಇಬ್ಬರಿಗೂ ನಗು ಬಂತು, ಸರಿಯಾಗಿ ಬರಲಿಲ್ಲ.

ನಾನು ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದೆ. ವಾಸನೆ ಇರಲಿಲ್ಲ. ಮೊಣಕೈ ಅದ್ದಿದೆ. ತೊಟ್ಟಿಯ ನೀರಿನಷ್ಟೇ ಬೆಚ್ಚಗಿತ್ತು. ಅತ್ತೆ ತುಂಬಿದ ಮಗ್ಗು ಹಿಡಿದು ನನ್ನ ಮುಖ ನೋಡುತ್ತಾ ನಿಂತಿದ್ದರು.

"ಹಾಕ್ಲೇನವ್ವಾ?"

ಡ್ರಮ್ಮಿಗೆ ಎರಡು ಸಲ ಬಡಿದೆ. "ಹಾಕ್ರಿ," ಅಂದೆ.

ಮೀನು ಎರಡೂ ಚೆನ್ನಾಗಿವೆ. ನೀರೂ ಚೆನ್ನಾಗಿದೆ. ರೈಟ್ ಅನ್ನುವವರು ಇಲ್ಲ.