ಬಾಗಿಯ ಎರಡು ಕಾಯಿಲೆ

ನಾವುಂದದ ಬಾಗಿಗೆ ಎಚ್‌ಐವಿ ಗಂಡನಿಂದ ಬಂದದ್ದು. ಅವನು ಏಡ್ಸ್ ಆಗಿ ಹೋಗಿ ಒಂಬತ್ತು ವರ್ಷವಾಯಿತು. ಇವಳು ಮಾತ್ರ ಮೀನಿನ ಬುಟ್ಟಿ ಹೊತ್ತು ಗಟ್ಟಿಮುಟ್ಟಾಗಿ ಓಡಾಡುತ್ತಾಳೆ. ತಲೆಯ ಮೇಲೆ ತಲೆ ಬಿದ್ದರೂ ದಿನದ ಮಾತ್ರೆ ತಪ್ಪಿಸಿದವಳಲ್ಲ. ನಾಲ್ಕು ವರ್ಷದ ಹಿಂದೆ ವಿಷಯ ಹೇಗೋ ಹೊರಬಿತ್ತು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಮೀನು ಮಾರಲು ಬಸ್ಸು ಹತ್ತಿ ದೂರದ ಊರಿಗೆ ಹೋಗಬೇಕಾಯಿತು. ಅವಳ ಜಗಲಿಯಲ್ಲಿ ಆಮೇಲೆ ಯಾರೂ ಕೂತಿಲ್ಲ. ಪಕ್ಕದ ಮನೆಯ ಶ್ರೀಲತಾ ಕೂಡ ಬೇಲಿಯಾಚೆಯೇ ನಿಂತು ಮಾತು ಮುಗಿಸುತ್ತಿದ್ದಳು.

ಈ ಸಲದ ಮಳೆ ಬಿಡುವ ಹೊತ್ತಿಗೆ ಬಾಗಿಗೆ ನಡುಕದ ಜ್ವರ ಹಿಡಿಯಿತು. ಆಶಾ ಕಾರ್ಯಕರ್ತೆ ಸ್ವರ್ಣಲತಾ ಬೆರಳು ಚುಚ್ಚಿ ರಕ್ತ ನೋಡಿದರೆ ಮಲೇರಿಯ. ಡಾಕ್ಟರು ಹದಿನಾಲ್ಕು ದಿನದ ಮಾತ್ರೆ ಬರೆದರು. ಸ್ವರ್ಣಲತಾ ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿಕೊಟ್ಟು ಹೋದಳು.

ಮಲೇರಿಯಕ್ಕೆ ಊರಲ್ಲಿ ಯಾರೂ ಹೆದರುವುದಿಲ್ಲ. ಮರುದಿನ ಸಂಜೆ ಶ್ರೀಲತಾ ಗಂಜಿ ಹಿಡಿದು ಹೊಸ್ತಿಲು ದಾಟಿ ಬಂದಳು. ಹಳೇ ಕಾಯಿಲೆಯನ್ನು ಮರೆತಳೋ, ನೆರೆಯವಳ ನರಳಾಟ ಕೇಳಲಾಗಲಿಲ್ಲವೋ, ಅಂತೂ ಮಂಚದ ಪಕ್ಕದಲ್ಲೇ ಕೂತಳು.

"ಬರೇ ಮಲೇರಿಯ ಅಂಬ್ರ್ ಅಲ್ದಾ ಬಾಗಿಯಕ್ಕ? ಗುಣ ಆತ್ತ್."

ಪರದೆಯೊಳಗೆ ಬಾಗಿ ಅವಳ ಕಡೆ ಹೊರಳಿದಳು. ನಾಲ್ಕು ವರ್ಷದ ಮೇಲೆ ಮನೆಯೊಳಗೊಂದು ನೆರೆಯ ದನಿ. ಆಗಲೇ ಶ್ರೀಲತಾಳ ತೋಳ ಮೇಲೆ ಸೊಳ್ಳೆ ಕೂತದ್ದು ಕಂಡಿತು. ಹೇಳಿದರೆ ಇವಳು ಎದ್ದು ಹೋಗುತ್ತಾಳೆ. ಹೇಳದಿದ್ದರೆ ಇನ್ನರ್ಧ ಗಂಟೆ ಕೂತಾಳು. ಆ ಅರ್ಧ ಗಂಟೆ ಬಾಗಿಗೆ ಬೇಕಾಗಿತ್ತು.

"ಇಲ್ ಕೂಕಣ್ಬೇಡ ಶ್ರೀಲತಾ," ಎಂದಳು ಕೊನೆಗೆ. "ನಂಗ್ ಕಚ್ಚಿದ್ ನುಸಿ ಹತ್ತ್ ಹನ್ನೆರ್ಡ್ ದಿನ ಕಳ್ದ್ ನಿಂಗ್ ಕಚ್ರೆ, ಈ ಜ್ವರ ನಿಂಗೂ ಬತ್ತ್."

ಶ್ರೀಲತಾ ಸೊಳ್ಳೆಯನ್ನು ಹೊಡೆದಳು. ಮೆಲ್ಲಗೆ ಕೇಳಿದಳು: "ಆ ಇನ್ನೊಂದ್?"

"ಅದ್ ನುಸಿ ಕಚ್ರೆ ಬತ್ತಿಲ್ಲೆ, ಅದ್ರ ಹುಳ ನುಸಿ ಹೊಟ್ಟಿಯೊಳ್ಗೇ ಸಾಯ್ತ್. ಒಟ್ಟಿಗ್ ಕೂತ್ರೂ, ಒಂದೇ ಲೋಟದಗ್ ಕುಡ್ದ್ರೂ ಬತ್ತಿಲ್ಲೆ. ಈ ಮಾತ್ರಿ ಹದ್ನಾಲ್ಕ್ ದಿನ, ಆ ಮಾತ್ರಿ ಸಾಯು ತನ್ಕ. ನೀವ್ ಹೆದ್ರುದೇ ಉಲ್ಟಾ ಮಾರಾಯ್ತಿ."

ಶ್ರೀಲತಾ ಎದ್ದು ನಿಂತಳು. ಬಾಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬಂದವಳನ್ನು ಕೈಯಾರೆ ಕಳಿಸಿದೆನಲ್ಲ ಎಂದು ಅಳು ಬಂತು.

"ಹಾಂಗಾರೆ ಚೂರ್ ಆಚಿಗ್ ಸರಿ ಬಾಗಿಯಕ್ಕ," ಎಂದಳು ಶ್ರೀಲತಾ. "ನಾನೂ ಒಳ್ಗ್ ಬಂದ್ ಕೂಕಂತೆ."

ಗಂಜಿಯ ಪಾತ್ರೆಯನ್ನೂ ಒಳಗೆಳೆದುಕೊಂಡು ಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದಳು.