ವಾಕರ್ ಎಂಬ ಅಳಿಯನೂ ನನ್ನ ಹೆಸರೂ

ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಬಡಾವಣೆಯ ಕ್ಲಿನಿಕ್ಕಿನಲ್ಲಿ "ಮಿಸ್ಟರ್ ಕೆಂಪಯ್ಯ" ಎಂದು ಕೂಗಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಕೆಂಪಯ್ಯ ಎಂದರೆ ನಮ್ಮಪ್ಪ. ಮಂಡ್ಯದಲ್ಲಿ ಸರ್‌ನೇಮ್ ಎಂಬುದರ ಹಂಗಿಲ್ಲದೆ ಸುಖವಾಗಿದ್ದ ನಮಗೆ ಪಾಸ್‌ಪೋರ್ಟು ಒಂದೊಂದು ಬಾಲ ಅಂಟಿಸಿತು: ನನ್ನ ಹೆಸರಿಗೆ ಅಪ್ಪ, ಮಗಳು ನಿಧಿಯ ಹೆಸರಿಗೆ ಪುಟ್ಟಸ್ವಾಮಿಯಾದ ನಾನು. ಹೀಗಾಗಿ, ಜೀವಮಾನದಲ್ಲಿ ಡಾಕ್ಟರ ಮುಖ ನೋಡದೆ ಕಣ್ಮುಚ್ಚಿದ ನಮ್ಮಪ್ಪನಿಗೆ ಈಗ ಕ್ಲಿನಿಕ್ಕಿನ ಕಡತದಲ್ಲಿ ಶುಗರ್ ಇದೆ, ಬಿ.ಪಿ. ಇದೆ, ತೂಕ ಇಳಿಸಿರೆಂಬ ಬುದ್ಧಿವಾದವೂ ಇದೆ.

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ವೈದ್ಯೆಯಾಗಿರುವ ನಿಧಿ, ಮದುವೆಯಾಗಲಿರುವ ಟಾಮ್ ವಾಕರ್‌ನನ್ನು ಕಳೆದ ತಿಂಗಳು ಊಟಕ್ಕೆ ಕರೆತಂದಳು. ಹೆಣ್ಣು ಕೊಡುವ ಮುನ್ನ ಮನೆತನ ವಿಚಾರಿಸುವುದು ನಮ್ಮ ರಕ್ತದಲ್ಲೇ ಇದೆಯಲ್ಲ, ಕೇಳಿಯೇಬಿಟ್ಟೆ. ವಾಕರ್ ಎಂದ ಮೇಲೆ ಸಂಜೆಗಳಲ್ಲಿ ಕೋಲು ಬೀಸುತ್ತ ವಿಹರಿಸುತ್ತಿದ್ದ ಶ್ರೀಮಂತರ ವಂಶವಿರಬೇಕೆಂಬುದು ನನ್ನ ಊಹೆ. ಟಾಮ್ ತಣ್ಣಗೆ ಹೇಳಿದ: ಹಳೆಯ ಇಂಗ್ಲೆಂಡಿನಲ್ಲಿ ಮಗ್ಗದಿಂದ ಇಳಿದ ಉಣ್ಣೆಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ ಬರಿಗಾಲಲ್ಲಿ ತುಳಿಯುತ್ತಿದ್ದವನೇ ವಾಕರ್. ಉಣ್ಣೆಯ ಜಿಡ್ಡು ಬಿಡಿಸಲು ತೊಟ್ಟಿಯಲ್ಲಿರುತ್ತಿದ್ದುದು ಹಳಸಿದ ಮೂತ್ರ. ಬಾಯಿಗಿಟ್ಟ ಬಿಸಿಬೇಳೆಬಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತೆ.

ಅದೇ ಕಸುಬಿನವರು ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್ ಆದರಂತೆ. ಟಾಮನ ತಾಯಿ ಪರ್ತಿನ ಫುಲ್ಲರ್ ಮನೆಯ ಹೆಣ್ಣು. ಅಂದರೆ ಅವನ ಅಪ್ಪ-ಅಮ್ಮನದು ಸಗೋತ್ರ ವಿವಾಹ! ನಮ್ಮಲ್ಲಾಗಿದ್ದರೆ ಪುರೋಹಿತರು ಪಂಚಾಂಗ ಮುಚ್ಚಿ ಎದ್ದು ಹೋಗುತ್ತಿದ್ದರು.

ಆದರೆ ನಿಜವಾದ ಆಘಾತ ಬೇರೆ. ತೊಟ್ಟಿಯಿಂದ ಇಳಿದು ಎಷ್ಟೋ ಶತಮಾನಗಳಾದರೂ, ಆ ಕಾಲುಗಳು ಹಡಗು ಹತ್ತಿ ಮೂರು ಸಮುದ್ರ ದಾಟಿದರೂ ಹೆಸರು ಮಾತ್ರ ಸವೆದಿಲ್ಲ. ನಮ್ಮದೋ, ತಲೆಮಾರಿಗೊಮ್ಮೆ ಕಳಚಿ ಬೀಳುತ್ತದೆ. ನನ್ನ ತಾತನ ಹೆಸರು ನಿಧಿಗೆ ಗೊತ್ತಿಲ್ಲ. ನಾಳೆ ಅವಳು ವಾಕರ್ ಆದರೆ ನಾನೂ ಅಳಿಸಿಹೋದಂತೆ. ಹೆಸರಿನಲ್ಲೇನಿದೆ ಎಂದು ಊರಿಗೆಲ್ಲ ಉಪದೇಶಿಸುತ್ತಿದ್ದ ನನಗೆ ಸಂಕಟವಾಯಿತು, ಆ ಸಂಕಟ ಕಂಡು ನನಗೇ ಗಾಬರಿಯಾಯಿತು.

"ಮದ್ವೆ ಆದ್ಮೇಲೆ ನನ್ ಹೆಸ್ರು ಬಿಟ್ಬಿಡ್ತೀಯಾ?" ಎಂದೆ.

"ನೋ ಅಪ್ಪ. ಟಾಮ್ ಈಸ್ ಟೇಕಿಂಗ್ ಇಟ್," ಎಂದಳು ನಿಧಿ, ಹಪ್ಪಳ ಮುರಿಯುತ್ತ.

ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಟಾಮನ ಮುಖ ನೋಡಿದೆ. ಟಾಮ್ ಪುಟ್ಟಸ್ವಾಮಿ! ನನ್ನನ್ನು ಹೆತ್ತವರೂ ಕನಸಿನಲ್ಲಿ ಕಂಡಿರದ ಸಂಗತಿ.

ಅವನು ತನ್ನ ಇಂಗ್ಲಿಷಿನಲ್ಲಿ, ನಿಧಾನವಾಗಿ, ಇಷ್ಟು ಹೇಳಿದ: "ನಮ್ಮ ಮೊದಲ ವಾಕರ್ ಯಾರು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ ಅಂಕಲ್. ನಮ್ಮ ಮಕ್ಕಳು ಮೊದಲ ಪುಟ್ಟಸ್ವಾಮಿಯ ತೊಡೆ ಮೇಲೆ ಕೂತು ಬೆಳೀತಾರೆ."

ಚಡ್ಡಿ, ಬನಿಯನ್ನಿನಲ್ಲಿ ಕೂತಲ್ಲೇ ನಾನು ಮೂಲಪುರುಷನಾಗಿಬಿಟ್ಟೆ. ಮುಂದೆಂದೋ ಒಂದು ದಿನ ಪರ್ತಿನಲ್ಲೋ ಅಡಿಲೇಡಿನಲ್ಲೋ ನೀಲಿಗಣ್ಣಿನ ಯಾರೋ ಪುಟ್ಟಸ್ವಾಮಿ, ಆ ಮೊದಲನೆಯವನು ಏನು ಮಾಡುತ್ತಿದ್ದ ಎಂದು ಹುಡುಕಬಹುದು. ಟಾಮ್ ಮಾತು ಮುಗಿಸಿದ ಹೊತ್ತಿನಲ್ಲಿ ಆ ಮೊದಲ ಪುಟ್ಟಸ್ವಾಮಿ ಎದ್ದು ನಿಂತು, ಅಳಿಯನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದ.